ಇಟ್ಟಿಗೆ ಕುಡಿದ ಎಣ್ಣೆಯನ್ನು ಹೊರಗೆ ತೆಗೆಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ತಾತ 1950ರ ದಶಕದಲ್ಲಿ ಕಟ್ಟಿಸಿದ ಮನೆ ಇದೆ. ಮುಂದಿನ ಗೋಡೆಗೆ ಗಿಲಾವು ಮಾಡಿಲ್ಲ, ಕೆಂಪು ಇಟ್ಟಿಗೆ ಹಾಗೇ ಕಾಣುತ್ತದೆ. ತಳದಲ್ಲಿ ಮೂರು ಅಡಿ ಎತ್ತರಕ್ಕೆ ಸೈಜುಗಲ್ಲಿನ ಕಟ್ಟಡ. ಮುಂದಿನ ಕೋಣೆಯನ್ನು ಹನ್ನೆರಡು ವರ್ಷದಿಂದ ದೋಸೆ-ಮಿರ್ಚಿ ಅಂಗಡಿಗೆ ಬಾಡಿಗೆ ಕೊಟ್ಟಿದ್ದೇವೆ. ಅವರ ಎಕ್ಸಾಸ್ಟ್ ಫ್ಯಾನಿನ ಕೆಳಗೆ ಆರಡಿ ಎತ್ತರ, ನಾಲ್ಕಡಿ ಅಗಲ ಗೋಡೆ ಕಪ್ಪಾಗಿ ಜಿಡ್ಡುಗಟ್ಟಿದೆ. ಕಲ್ಲಿನ ಮೇಲೆ ಬೈಕ್ ನಿಲ್ಲಿಸಿ ಗ್ರೀಸ್, ಎಂಜಿನ್ ಆಯಿಲ್ ಕಲೆ. ಬಾಗಿಲ ಪಕ್ಕದ ದೀಪದ ಗೂಡೂ ಎಣ್ಣೆ ಕುಡಿದು ಕಪ್ಪಾಗಿದೆ. ಅದನ್ನು ಮುಟ್ಟಬೇಡ ಅಂತ ಅಮ್ಮ ಹೇಳುತ್ತಾರೆ. ಒಬ್ಬರು ಆ್ಯಸಿಡ್ ಹಾಕಿ ಅಂದರು. ಇನ್ನೊಬ್ಬರು ಕಾಸ್ಟಿಕ್ ಸೋಡಾ ಅಂದರು. ಕಾರು ತೊಳೆಯುವ ಪ್ರೆಶರ್ ಮೆಷಿನ್ ತರಿಸಿ ಅಂತಲೂ ಹೇಳಿದರು. ಪೇಂಟರ್ ಮಾತ್ರ ‘ಸುಮ್ನೆ ಬಣ್ಣ ಹೊಡೆದುಬಿಡೋಣ’ ಅನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಆ್ಯಸಿಡ್ ಕ್ಯಾನ್ ಈಗಾಗಲೇ ತಂದಿದ್ದರೆ ಮೊದಲು ಅದನ್ನು ಅಂಗಡಿಗೆ ವಾಪಸ್ ಕೊಟ್ಟು ಬನ್ನಿ. ಉಳಿದದ್ದು ಆಮೇಲೆ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೇ ಮಳಿಗೆ ಸಾಲಿನ ಇಟ್ಟಿಗೆ ಗೋಡೆಯ ಮೇಲೆ ಇಂಥದ್ದೇ ಕಲೆ ಇತ್ತು. ಗುತ್ತಿಗೆದಾರರು ಆ್ಯಸಿಡ್ ಅಂದರು, ನಾನು ಹೂಂ ಅಂದೆ. ಬ್ರಷ್ ತಾಗಿದ ಕೂಡಲೇ ಬುರುಬುರು ನೊರೆ ಬಂತು. ನೊರೆ ಬಂದರೆ ಕೊಳೆ ಹೋಗುತ್ತಿದೆ ಅಂತ ಎಲ್ಲರಿಗೂ ಖುಷಿ. ಆ ನೊರೆ ಎಣ್ಣೆಯದ್ದಲ್ಲ, ಸಂದಿನ ಗಾರೆಯದ್ದು. ಸುಣ್ಣ ಕರಗಿ ಹೋಗುತ್ತಿತ್ತು. ಎಣ್ಣೆಗೆ ಆ್ಯಸಿಡ್ ಲೆಕ್ಕಕ್ಕೇ ಇಲ್ಲ. ಸಂಜೆ ಹೊತ್ತಿಗೆ ಕಲೆಯ ಸುತ್ತಲಿನ ಇಟ್ಟಿಗೆ ಫಳಫಳ ಅಂತಿತ್ತು, ಕಲೆ ಮೊದಲಿಗಿಂತ ಕಪ್ಪಾಗಿ ಕಾಣುತ್ತಿತ್ತು. ಒಂದೆರಡು ತಿಂಗಳಿಗೆ ಇಟ್ಟಿಗೆಯೊಳಗಿನ ಕಬ್ಬಿಣದ ಅಂಶ ಹೊರಬಂದು ಹಳದಿ-ಕಂದು ಮಚ್ಚೆ ಎದ್ದವು, ಅದರ ಮೇಲೆ ಬಿಳಿ ಉಪ್ಪು. ಎಣ್ಣೆ ಕಲೆ ಇದ್ದ ಹಾಗೇ ಇತ್ತು. ಆ ಗೋಡೆಗೆ ನಾವು ಒಂದು ಕಾಯಿಲೆ ಇದ್ದದ್ದನ್ನು ಮೂರು ಮಾಡಿ ಬಂದೆವು.

ನಿಮ್ಮ ಮನೆ ಆ ಕಾಲದ್ದು ಅಂದರೆ ಸಂದಿನಲ್ಲಿ ಸುಣ್ಣದ ಗಾರೆ ಇರುವ ಸಾಧ್ಯತೆ ಜಾಸ್ತಿ. ಮೂಲೆಯಲ್ಲಿ ಒಂದು ಕಡೆ ಬೀಗದ ಕೀಲಿಯಿಂದ ಗೀರಿ ನೋಡಿ. ಸುಲಭವಾಗಿ ಪುಡಿ ಉದುರಿದರೆ ಸುಣ್ಣ. ಕೀಲಿಯೇ ಜಾರಿದರೆ ಸಿಮೆಂಟು. ಸುಣ್ಣವಾದರೆ ಆ್ಯಸಿಡ್ ಮಾತ್ರವಲ್ಲ, ಪ್ರೆಶರ್ ಮೆಷಿನ್ನೂ ಬೇಡ. ಕಾರು ತೊಳೆಯುವ ಯಂತ್ರದ ಒತ್ತಡ 100 ಬಾರ್‌ಗಿಂತ ಜಾಸ್ತಿ ಇರುತ್ತದೆ. ಕಾರಿನ ತಗಡು ಅದನ್ನು ತಡೆದುಕೊಳ್ಳುತ್ತದೆ. ಎಪ್ಪತ್ತು ವರ್ಷದ ಸುಣ್ಣದ ಸಂದು ತಡೆದುಕೊಳ್ಳುವುದಿಲ್ಲ. ಇಟ್ಟಿಗೆಗೆ ಭಟ್ಟಿಯಲ್ಲಿ ಬೆಂದಾಗ ಹೊರಮೈಗೆ ಒಂದು ಗಟ್ಟಿ ಚರ್ಮ ಬಂದಿರುತ್ತದೆ. ಅದು ಕಿತ್ತುಹೋದರೆ ಒಳಗಿನ ಮೆತ್ತನೆಯ ಮಣ್ಣು ಬಯಲಾಗಿ, ಪ್ರತಿ ಮಳೆಗೂ ಸವೆಯುತ್ತಾ ಹೋಗುತ್ತದೆ. ಮರಳು ಊದಿ ಉಜ್ಜುವ ಸ್ಯಾಂಡ್ ಬ್ಲಾಸ್ಟಿಂಗ್ ಇದಕ್ಕಿಂತಲೂ ಕೆಟ್ಟದ್ದು. ಅಷ್ಟೇ ಅಲ್ಲ, ಜೋರು ನೀರು ಒಂದಿಷ್ಟು ಎಣ್ಣೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ.

ಈ ‘ಒಳಕ್ಕೆ’ ಅನ್ನುವುದೇ ಇಡೀ ಸಮಸ್ಯೆ. ನೀವು ನೋಡುತ್ತಿರುವ ಕಪ್ಪು ಪದರ ಕಲೆಯ ತಲೆ ಮಾತ್ರ. ದೇಹ ಇಟ್ಟಿಗೆಯ ಒಳಗಿದೆ. ನಮ್ಮ ದೇಶದ ಇಟ್ಟಿಗೆ ಮಾನದಂಡ ಐಎಸ್ 1077ರ ಪ್ರಕಾರ ಸಾಮಾನ್ಯ ಇಟ್ಟಿಗೆಯನ್ನು 24 ಗಂಟೆ ನೀರಲ್ಲಿ ಮುಳುಗಿಸಿದರೆ ಅದು ತನ್ನ ತೂಕದ ಶೇಕಡಾ 20ರವರೆಗೂ ನೀರು ಕುಡಿಯಬಹುದು. ಮೂರು ಕೆಜಿ ಇಟ್ಟಿಗೆಗೆ 600 ಮಿಲಿ ಆಯಿತು. ನೀರು ಹೋಗುವ ದಾರಿಯಲ್ಲೇ ಎಣ್ಣೆಯೂ ಹೋಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಹನ್ನೆರಡು ವರ್ಷ ಅಂದರೆ ಅದಕ್ಕೆ ಬೇಕಾದಷ್ಟು ಸಮಯ ಸಿಕ್ಕಿದೆ. ನಿಮ್ಮ ಸೈಜುಗಲ್ಲು ಗ್ರಾನೈಟ್ ಆಗಿದ್ದರೆ ಅದು ಕುಡಿಯುವುದು ಸಾಮಾನ್ಯವಾಗಿ ಅರ್ಧ ಶೇಕಡಾಕ್ಕಿಂತ ಕಡಿಮೆ. ಹಾಗಾಗಿ ಕಲ್ಲಿನ ಕಲೆ ನೋಡಲು ಭಯಂಕರವಾಗಿದ್ದರೂ ಕೆಲಸ ಸುಲಭ. ಇಟ್ಟಿಗೆಯದ್ದೇ ನಿಜವಾದ ಕಷ್ಟ.

ಪೇಂಟರ್ ಮಾತಿಗೂ ಇಲ್ಲೇ ಉತ್ತರ ಇದೆ. ಒಳಗೆ ಎಣ್ಣೆ ಇಟ್ಟುಕೊಂಡು ಮೇಲೆ ಬಣ್ಣ ಹೊಡೆದರೆ ಬಣ್ಣ ಕಚ್ಚುವುದಿಲ್ಲ. ಕಚ್ಚಿದ ಕಡೆ ಕಲೆ ಮೇಲೆ ಜಿನುಗಿ ಬರುತ್ತದೆ. ಬೋಂಡ ಕಟ್ಟಿದ ಪೇಪರ್ ಮೇಲೆ ಇನ್ನೊಂದು ಪೇಪರ್ ಸುತ್ತಿದರೂ ಸ್ವಲ್ಪ ಹೊತ್ತಿಗೆ ಅದಕ್ಕೂ ಜಿಡ್ಡು ಬರುತ್ತದೆ, ಅಲ್ವಾ? ಹಾಗೇ.

ಈಗ ಎಣ್ಣೆಯ ಜಾತಿ ನೋಡೋಣ. ನಿಮ್ಮ ಗೋಡೆ ಮೇಲೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದಕ್ಕೆ ಮಾಡುವ ಮದ್ದೆಲ್ಲ ಇನ್ನೊಂದಕ್ಕೆ ನಾಟುವುದಿಲ್ಲ.

ಎಕ್ಸಾಸ್ಟ್ ಕೆಳಗಿರುವುದು ಅಡುಗೆ ಎಣ್ಣೆ, ಬೆಣ್ಣೆ ಮತ್ತು ಮಸಿ. ದಾವಣಗೆರೆ ದೋಸೆ ಅಂದಮೇಲೆ ಬೆಣ್ಣೆ ಇಲ್ಲದೆ ಇರುತ್ತದೆಯೇ. ಕಾದ ಹಂಚಿನಿಂದ ಏಳುವ ಜಿಡ್ಡಿನ ಆವಿ ಹೊರಗಿನ ತಣ್ಣನೆ ಗೋಡೆಗೆ ತಾಗಿ ಎಣ್ಣೆಯಾಗಿ ಕೂರುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಕೂರುವ ಹಾಗೆ. ಹೀಗೆ ಕೂತ ಎಣ್ಣೆ ಗಾಳಿ, ಬಿಸಿಲು ತಾಗಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಳೇ ಬಾಣಲೆಯ ತಳದಲ್ಲಿ ಕಂದು ಬಣ್ಣದ ಅಂಟು ಪದರ ಇರುತ್ತದಲ್ಲ, ಎಷ್ಟು ತಿಕ್ಕಿದರೂ ಹೋಗದ್ದು, ಅದೇ ಇದು. ಎಲ್ಲ ಎಣ್ಣೆಯೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಸೂರ್ಯಕಾಂತಿ ಎಣ್ಣೆ ಕಡಲೆಕಾಯಿ ಎಣ್ಣೆಗಿಂತ, ಪಾಮ್ ಎಣ್ಣೆಗಿಂತ ಬೇಗ ಬಿಗಿಯುತ್ತದೆ. ಅಗಸೆ ಎಣ್ಣೆಯಂತೂ ವಾರ್ನಿಷ್ ಆಗಿಬಿಡುತ್ತದೆ. ಗಟ್ಟಿಯಾದದ್ದನ್ನು ಪೇಂಟ್ ತೆಳು ಮಾಡುವ ಟರ್ಪೆಂಟೈನ್ ಒಂದೇ ಕರಗಿಸುವುದಿಲ್ಲ.

ಕಲ್ಲಿನ ಮೇಲಿರುವುದು ಪೆಟ್ರೋಲಿಯಂ ಎಣ್ಣೆ. ಅದು ವರ್ಷ ಎಷ್ಟಾದರೂ ಹೀಗೆ ಬಿಗಿದುಕೊಳ್ಳುವುದಿಲ್ಲ. ಬೆರಳಿಗೆ ಕಪ್ಪಾಗಿ ಹತ್ತುತ್ತಲೇ ಇರುತ್ತದೆ. ಗುರುತು ಹಿಡಿಯಲು ಮೂಗು ಸಾಕು. ಅಡುಗೆ ಎಣ್ಣೆಗೆ ಕಮಟು ವಾಸನೆ, ಇದಕ್ಕೆ ಗ್ಯಾರೇಜ್ ವಾಸನೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕ್ಷಾರ ತಾಗಿದರೆ ಅಡುಗೆ ಎಣ್ಣೆ ಮತ್ತು ಬೆಣ್ಣೆ ಸೋಪಾಗುತ್ತವೆ. ಸೋಪು ನೀರಲ್ಲಿ ಹೋಗುತ್ತದೆ. ನಮ್ಮ ಅಜ್ಜಿಯರು ಜಿಡ್ಡು ಪಾತ್ರೆಗೆ ಒಲೆಬೂದಿ ಹಾಕಿ ತಿಕ್ಕುತ್ತಿದ್ದದ್ದು ಇದೇ ರಸಾಯನಶಾಸ್ತ್ರ. ಎಂಜಿನ್ ಆಯಿಲ್ ಮಾತ್ರ ಬೂದಿಗಾಗಲಿ ಸೋಡಾಕ್ಕಾಗಲಿ ಜಗ್ಗುವುದಿಲ್ಲ, ಅದು ಸೋಪಾಗುವ ಜಾತಿಯೇ ಅಲ್ಲ. ಅದಕ್ಕೆ ಕರಗಿಸುವ ದ್ರವವೇ ಬೇಕು.

ಹಾಗಾದರೆ ಕಾಸ್ಟಿಕ್ ಸೋಡಾ ಅಂದವರದ್ದು ಪೂರ್ತಿ ತಪ್ಪಲ್ಲ. ದಿಕ್ಕು ಸರಿ, ಅಸ್ತ್ರ ಜಾಸ್ತಿ ಆಯಿತು. ಕಾಸ್ಟಿಕ್ ಇಟ್ಟಿಗೆಯೊಳಗೆ ಹೊಕ್ಕರೆ ಪೂರ್ತಿ ತೊಳೆದು ತೆಗೆಯುವುದು ಬಹಳ ಕಷ್ಟ. ಉಳಿದದ್ದು ಉಪ್ಪಾಗಿ ವರ್ಷಗಟ್ಟಲೆ ಬಿಳಿ ಹೂವಿನಂತೆ ಮೇಲೆ ಬರುತ್ತಿರುತ್ತದೆ, ಬರುವಾಗ ಇಟ್ಟಿಗೆಯ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಎಕ್ಸಾಸ್ಟ್ ಫ್ಯಾನಿನ ಅಲ್ಯೂಮಿನಿಯಂ ರೆಕ್ಕೆಯನ್ನೂ ತಿನ್ನುತ್ತದೆ. ಬಟ್ಟೆ ಒಗೆಯುವ ಸೋಡಾ ಸಾಕು.

ಕೆಲಸ ಶುರು ಮಾಡುವ ಮುಂಚೆ ಬಾಡಿಗೆದಾರರ ಹತ್ತಿರ ಮಾತಾಡಿ. ಫ್ಯಾನ್ ಹೀಗೇ ಗೋಡೆಗೆ ಉಗುಳುತ್ತಿದ್ದರೆ ನಾನು ಹೇಳುವುದೆಲ್ಲ ವ್ಯರ್ಥ. ಒಲೆಯ ಮೇಲೆ ಜಿಡ್ಡು ಹಿಡಿಯುವ ಫಿಲ್ಟರ್ ಇರುವ ಹುಡ್, ಅಲ್ಲಿಂದ ಸೂರಿನ ಮೇಲಕ್ಕೆ ಹೋಗುವ ತಗಡಿನ ಕೊಳವೆ, ಕೊಳವೆಯ ತಳದಲ್ಲಿ ಎಣ್ಣೆ ಹಿಡಿಯುವ ಡಬ್ಬಿ. ಇಷ್ಟು ಆಗಲೇಬೇಕು. ಖರ್ಚು ಯಾರದ್ದು ಅಂತ ನೀವೇ ತೀರ್ಮಾನ ಮಾಡಿಕೊಳ್ಳಿ. ಅದರಲ್ಲಿ ನಾನು ತಲೆಹಾಕುವುದಿಲ್ಲ.

ಕಾಲವನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಇಟ್ಟಿಗೆಯ ರಂಧ್ರಗಳಲ್ಲೆಲ್ಲ ನೀರು ತುಂಬಿರುತ್ತದೆ, ಟರ್ಪೆಂಟೈನ್‌ಗೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹಚ್ಚಿದ್ದು ಹಚ್ಚುವಷ್ಟರಲ್ಲೇ ಆರಿಹೋಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಗೋಡೆಗೆ ನೆರಳಿರುವ ಹೊತ್ತಲ್ಲಿ ಮಾಡಿ.

ಇನ್ನು ಕೆಲಸ. ಫ್ಯಾನಿನ ಪಕ್ಕ, ಬೋರ್ಡಿನ ಹಿಂದೆ, ಹೀಗೆ ಕಣ್ಣಿಗೆ ಬೀಳದ ಒಂದಡಿ ಜಾಗ ಆರಿಸಿ ಮೊದಲು ಅಲ್ಲಿ ಎಲ್ಲವನ್ನೂ ಮಾಡಿ ನೋಡಿ. ಮಾಡಿದ ದಿನವೇ ತೀರ್ಪು ಕೊಡಬೇಡಿ. ಒದ್ದೆ ಇಟ್ಟಿಗೆ ಯಾವಾಗಲೂ ಚೆಂದ ಕಾಣುತ್ತದೆ. ಒಂದು ವಾರ ಆರಲಿ, ಆಮೇಲೆ ನೋಡಿ.

ಮೇಲಿನ ದಪ್ಪ ಜಿಡ್ಡನ್ನು ಬಿದಿರಿನ ಚಕ್ಕೆಯಿಂದಲೋ ಮರದ ಪಟ್ಟಿಯಿಂದಲೋ ಒಣಗಿದ್ದಾಗಲೇ ಕೆರೆದು ತೆಗೆಯಿರಿ. ಮುಂಜಾನೆ ಚಳಿಗೆ ಜಿಡ್ಡು ಗಟ್ಟಿಯಾಗಿರುತ್ತದೆ, ಆಗ ಚೆನ್ನಾಗಿ ಏಳುತ್ತದೆ. ತಂತಿ ಬ್ರಷ್ ಮುಟ್ಟಬೇಡಿ. ಅದರ ಚೂರು ಇಟ್ಟಿಗೆಯಲ್ಲಿ ಸಿಕ್ಕಿಕೊಂಡು ಮಳೆಗೆ ತುಕ್ಕು ಹಿಡಿದು ಚುಕ್ಕೆ ಬೀಳುತ್ತದೆ. ಈ ಕೆರೆಯುವ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಬೇಜಾರು ಬೇಡ. ಕೈಯಿಂದ ತೆಗೆದ ಜಿಡ್ಡು ಅಷ್ಟೂ ಮುಂದೆ ಕರಗಿ ಒಳಗೆ ಹೋಗದ ಜಿಡ್ಡು.

ಆಮೇಲೆ ಸೋಡಾ ನೀರು. ಒಂದು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಬಟ್ಟೆ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ದ್ರವ. ಅಡುಗೆ ಸೋಡಾ ಬೇರೆ, ಅದರ ಶಕ್ತಿ ಇದಕ್ಕೆ ಸಾಲದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಹಚ್ಚುವ ಮೊದಲು ಕಲೆಯನ್ನೂ, ಅದರ ಕೆಳಗಿನ ಶುದ್ಧ ಗೋಡೆಯನ್ನೂ ಕಲ್ಲಿನವರೆಗೆ ನೀರಿನಿಂದ ಚೆನ್ನಾಗಿ ನೆನೆಸಿ. ಜನ ಮರೆಯುವುದು ಇದನ್ನೇ. ಒಣ ಇಟ್ಟಿಗೆಯ ಮೇಲೆ ಕೊಳೆ ನೀರು ಇಳಿದರೆ ಅದು ಗಟಗಟ ಕುಡಿದುಬಿಡುತ್ತದೆ, ನಾಲ್ಕಡಿಯ ಕಲೆ ಏಳಡಿ ಆಗುತ್ತದೆ. ಮೊದಲೇ ಹೊಟ್ಟೆ ತುಂಬಾ ನೀರು ಕುಡಿದ ಇಟ್ಟಿಗೆ ಕೊಳೆ ಕುಡಿಯುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಹಚ್ಚಿ ಹತ್ತು-ಹದಿನೈದು ನಿಮಿಷ ಬಿಡಿ. ಆರಲು ಬಿಡಬೇಡಿ. ತೆಂಗಿನ ನಾರಿನ ಇಲ್ಲವೇ ನೈಲಾನ್ ಬ್ರಷ್‌ನಿಂದ ತಿಕ್ಕಿ. ನೊರೆ ಕಂದಾಗುತ್ತಾ ಬರುತ್ತದೆ. ನಲ್ಲಿಯ ಪೈಪಿನ ಒತ್ತಡದಲ್ಲೇ ಮೇಲಿನಿಂದ ತೊಳೆಯಿರಿ. ಧಾರಾಳವಾಗಿ ತೊಳೆಯಿರಿ, ಸೋಡಾ ಉಳಿದರೆ ಉಪ್ಪೇಳುತ್ತದೆ. ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದದ ಪಟ್ಟಿ ಸಿಕ್ಕರೆ ಗೋಡೆಯಿಂದ ಇಳಿಯುವ ನೀರನ್ನೂ ನಲ್ಲಿ ನೀರನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಬಣ್ಣ ಬರುವವರೆಗೂ ನಿಲ್ಲಿಸಬೇಡಿ. ಸಂದಿನ ಗಾರೆ ಉದುರುತ್ತಿದೆ ಅನ್ನಿಸಿದರೆ ತಕ್ಷಣ ಕೈ ಬಿಡಿ.

ಇಷ್ಟಕ್ಕೆ ಮೇಲಿನ ಮಸಿ, ಅಂಟು ಬಹುಪಾಲು ಹೋಗುತ್ತದೆ. ಗೋಡೆ ಕೆಂಪಾಗಿ ಕಾಣುತ್ತದೆ. ಮೂರ್ನಾಲ್ಕು ದಿನ ಕಳೆದು ಗೋಡೆ ಆರಿದಾಗ ಕಲೆಯ ನೆರಳು ಮತ್ತೆ ಮೂಡುತ್ತದೆ. ಆಗ ‘ಮೋಸ ಆಯ್ತು’ ಅನ್ನಿಸುತ್ತದೆ. ಮೋಸವಲ್ಲ, ಒಳಗಿದ್ದದ್ದು ಈಗ ಕಾಣುತ್ತಿದೆ. ಒಂದು ಹನಿ ನೀರು ಹಾಕಿ ನೋಡಿ. ಇಟ್ಟಿಗೆ ಹೀರಿಕೊಂಡರೆ ಅಲ್ಲಿ ಎಣ್ಣೆ ಹೆಚ್ಚಿಲ್ಲ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ನಿಂತರೆ ಇನ್ನೂ ಇದೆ.

ಈಗ ಬರುತ್ತದೆ ನಿಜವಾದ ಚಿಕಿತ್ಸೆ. ಮೈಮೇಲೆ ಕುರು ಎದ್ದಾಗ ಮನೆಯಲ್ಲಿ ಪಟ್ಟು ಹಾಕುತ್ತಿದ್ದರು, ನೆನಪಿದೆಯೇ? ಒಳಗಿನ ಕೀವನ್ನು ಅದು ಹೊರಕ್ಕೆ ಎಳೆಯುತ್ತದೆ ಅಂತ ಹೇಳುತ್ತಿದ್ದರು. ಗೋಡೆಗೂ ಅದನ್ನೇ ಮಾಡುವುದು. ಕಟ್ಟಡದವರು ಇದಕ್ಕೆ ಪೌಲ್ಟಿಸ್ ಅನ್ನುತ್ತಾರೆ, ನಾನು ಪಟ್ಟು ಅಂತಲೇ ಕರೆಯುತ್ತೇನೆ. ಎಣ್ಣೆ ಕರಗಿಸುವ ದ್ರವವನ್ನು ನುಣುಪಾದ ಪುಡಿಯಲ್ಲಿ ಕಲಸಿ ಮೆತ್ತುತ್ತೇವೆ. ದ್ರವ ಇಟ್ಟಿಗೆಯೊಳಗೆ ಹೋಗಿ ಎಣ್ಣೆಯನ್ನು ಕರಗಿಸುತ್ತದೆ. ಆಮೇಲೆ ಹೊರಗಿನಿಂದ ಆರುತ್ತಾ ಬಂದಂತೆ, ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೆ, ಪುಡಿ ಆ ದ್ರವವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ದ್ರವ ಆವಿಯಾಗಿ ಹೋಗುತ್ತದೆ, ಎಣ್ಣೆ ಪುಡಿಯಲ್ಲಿ ಉಳಿಯುತ್ತದೆ. ಬರೀ ಬಟ್ಟೆಯಲ್ಲಿ ಟರ್ಪೆಂಟೈನ್ ಅದ್ದಿ ಒರೆಸಿದರೆ ಆಗುವುದು ಇದರ ಉಲ್ಟಾ: ಎಣ್ಣೆ ಕರಗಿ ಇನ್ನೂ ಅಗಲವಾಗಿ, ಇನ್ನೂ ಆಳವಾಗಿ ಹೋಗುತ್ತದೆ.

ಪುಡಿ ಯಾವುದು? ಪೇಂಟರ್‌ಗಳು ಪುಟ್ಟಿಗೆ ಬಳಸುವ ಚಾಕ್ ಪುಡಿ ಆಗುತ್ತದೆ. ಮುಲ್ತಾನಿ ಮಿಟ್ಟಿ ಇನ್ನೂ ಚೆನ್ನಾಗಿ ಹೀರುತ್ತದೆ. ಬ್ಯೂಟಿ ಪ್ಯಾಕೆಟ್ ಬೇಡ, ಗ್ರಂಥಿಗೆ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕೇಳಿ. ಕೆಂಪು ಇಟ್ಟಿಗೆಗೆ ಅದು ನಡೆಯುತ್ತದೆ. ಬಿಳಿ ಅಮೃತಶಿಲೆಯಂಥದ್ದಕ್ಕೆ ಮಾತ್ರ ಬೇಡ, ಅದರಲ್ಲಿರುವ ಕಬ್ಬಿಣದ ಅಂಶ ಹಳದಿ ಬಿಡಬಹುದು. ದ್ರವಕ್ಕೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್. ಅಸಿಟೋನ್ ನಮ್ಮ ಹವೆಯಲ್ಲಿ ಕೆಲಸ ಮುಗಿಸುವ ಮೊದಲೇ ಹಾರಿಹೋಗುತ್ತದೆ. ಎನ್‌ಸಿ ಥಿನ್ನರ್ ಅಂದರೆ ಲ್ಯಾಕರ್ ತೆಳು ಮಾಡುವ ದ್ರವ, ಅದರ ಆವಿ ಕುಡಿದರೆ ತಲೆ ಸುತ್ತುತ್ತದೆ. ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಯಾರೋ ಮೆಕ್ಯಾನಿಕ್ ‘ಎರಡು ಲೀಟರ್ ಪೆಟ್ರೋಲ್ ಸಾಕು ಸಾರ್’ ಅಂತ ಖಂಡಿತ ಹೇಳುತ್ತಾನೆ. ಕೇಳಬೇಡಿ.

ಟರ್ಪೆಂಟೈನೂ ಸಾಧು ಅಲ್ಲ. ಪಕ್ಕದಲ್ಲೇ ದೋಸೆ ಹಂಚು ಇದೆ. ಪಟ್ಟು ಹಾಕುವ ದಿನ ಮತ್ತು ಅದು ಆರುವವರೆಗೆ ಅಂಗಡಿ ಮುಚ್ಚಿರಬೇಕು. ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿರಬೇಕು, ಫ್ಯಾನಿನ ಕರೆಂಟ್ ತೆಗೆದಿರಬೇಕು. ಈ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಬೀಡಿ-ಸಿಗರೇಟಿನವರನ್ನು ದೂರ ಇಡಿ. ಹಬ್ಬಕ್ಕೆ ಅಂಗಡಿಯವರು ಊರಿಗೆ ಹೋಗುವ ವಾರ ನೋಡಿಕೊಳ್ಳುವುದೇ ಒಳ್ಳೆಯದು. ಆದರೆ ದೀಪಾವಳಿ ಬೇಡ!

ಲೆಕ್ಕ ಹೀಗಿದೆ. ಕಾಲಿಂಚು ದಪ್ಪಕ್ಕೆ ಚದರ ಅಡಿಗೆ ಸುಮಾರು ಅರ್ಧ ಕೆಜಿ ಪುಡಿ ಬೇಕು, ಕೆಜಿ ಚಾಕ್ ಪುಡಿಗೆ ಸುಮಾರು ಅರ್ಧ ಲೀಟರ್ ಟರ್ಪೆಂಟೈನ್. ನಿಮ್ಮದು 24 ಚದರ ಅಡಿ. ಒಂದು ಸುತ್ತಿಗೆ 12 ಕೆಜಿ ಪುಡಿ, 6 ಲೀಟರ್ ಟರ್ಪೆಂಟೈನ್ ಆಯಿತು. ಅಷ್ಟನ್ನೂ ಒಂದೇ ಸಲ ಗೋಡೆಗೆ ಮೆತ್ತುವುದು ಹುಚ್ಚುತನ. ಎರಡು-ಮೂರು ಚದರ ಅಡಿಯಂತೆ, ಕಲೆಯ ಅಂಚಿನಿಂದ ಒಳಕ್ಕೆ ಸಾಗಿ. ಅದಕ್ಕೂ ಮುಂಚೆ ನೀರಿನ ಹನಿ ಹಾಕಿ ಎಲ್ಲೆಲ್ಲಿ ನಿಜವಾಗಿ ಎಣ್ಣೆ ಉಳಿದಿದೆ ಅಂತ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ಇಡೀ 24 ಅಡಿಗೂ ಪಟ್ಟು ಬೇಕಾಗುವುದು ಅಪರೂಪ.

ಹದ ಉದ್ದಿನವಡೆ ಹಿಟ್ಟಿನದ್ದು. ಅಂಗೈಯಲ್ಲಿ ತೆಗೆದು ಗೋಡೆಗೆ ಒತ್ತಿದರೆ ಕೂರಬೇಕು, ಇಳಿಯಬಾರದು. ಇಟ್ಟಿಗೆಯ ಮೈ ಒರಟಾಗಿದ್ದರೆ ಮೊದಲು ತೆಳುವಾದ ಹಳೇ ಪಂಚೆಯ ಬಟ್ಟೆಯನ್ನು ಟರ್ಪೆಂಟೈನಲ್ಲಿ ಒದ್ದೆ ಮಾಡಿ ಅಂಟಿಸಿ ಅದರ ಮೇಲೆ ಮೆತ್ತಿ. ಆಮೇಲೆ ಬಿಳಿ ಪುಡಿಯನ್ನು ತೂತುಗಳಿಂದ ಕೆದಕುವ ಪಾಡು ತಪ್ಪುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ ಇರುವವರಂತೂ ಈ ಬಟ್ಟೆ ಇಲ್ಲದೆ ಪಟ್ಟು ಹಾಕಲೇಬಾರದು. ಕಲೆಗಿಂತ ಎರಡು ಇಂಚು ಆಚೆಗೂ ಹಚ್ಚಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಡಿ. ಇದು ಕರಗುವ ಸಮಯ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ, ಒಂದೆರಡು ದಿನ. ಇದು ಎಳೆಯುವ ಸಮಯ. ಎರಡನೆಯದಕ್ಕೆ ಆತುರ ಪಟ್ಟರೆ ಕರಗಿದ ಎಣ್ಣೆ ಗೋಡೆಯಲ್ಲೇ ಉಳಿಯುತ್ತದೆ. ಪುಡಿ ಬಿರುಕು ಬಿಟ್ಟು ತಾನಾಗಿ ಏಳತೊಡಗಿದಾಗ ಮರದ ಪಟ್ಟಿಯಿಂದ ತೆಗೆಯಿರಿ. ಗೋಡೆ ಕಡೆಯ ಮೈ ಕಂದಾಗಿದ್ದರೆ ಕೆಲಸ ಆಗುತ್ತಿದೆ ಅಂತ ಅರ್ಥ.

ಒಂದೇ ಸಲಕ್ಕೆ ಹೋಗುವುದಿಲ್ಲ. ಮೂರು ಸಲ ಬೇಕಾಗಬಹುದು, ಐದೂ ಆಗಬಹುದು. ಪ್ರತಿ ಸಲ ಹೊಸ ಪುಡಿ. ಎಣ್ಣೆ ಕುಡಿದ ಪುಡಿಯನ್ನೇ ಮತ್ತೆ ಕಲಸಿ ಹಚ್ಚಿದ ಪುಣ್ಯಾತ್ಮರನ್ನೂ ನೋಡಿದ್ದೇನೆ. ತೆಗೆದ ಪುಡಿ, ಒರೆಸಿದ ಬಟ್ಟೆ ಇವನ್ನು ಚರಂಡಿಗೆ ಹಾಕಬೇಡಿ, ಮೂಲೆಯಲ್ಲಿ ಗುಡ್ಡೆ ಹಾಕಲೂಬೇಡಿ. ಬಯಲಲ್ಲಿ ಹರಡಿ ವಾಸನೆ ಹೋಗುವವರೆಗೆ ಒಣಗಿಸಿ, ಆಮೇಲೆ ಅಪಾಯಕಾರಿ ಕಸ ಅಂತ ಹೇಳಿಯೇ ಕೊಡಿ. ಒಣಗುವ ಜಾತಿಯ ಎಣ್ಣೆ ಹೀರಿದ ಬಟ್ಟೆಯ ಗುಡ್ಡೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯಿಂದ ಹೀಗೆ ಬೆಂಕಿ ಬೀಳುವುದು ಮರಗೆಲಸದವರಿಗೆ ಗೊತ್ತಿರುವ ವಿಷಯ.

ಎಲ್ಲ ಮುಗಿದ ಮೇಲೆ ಇನ್ನೊಂದು ಸೋಡಾ ನೀರಿನ ತೊಳೆತ, ಬಹಳ ಹಗುರವಾಗಿ. ತಿಂಗಳ ನಂತರ ಬಿಳಿ ಉಪ್ಪು ಕಾಣಿಸಿಕೊಂಡರೆ ತೊಳೆಯಲು ಹೋಗಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ಜಾಸ್ತಿ ಬಂದರೆ ಬರೀ ನೀರಲ್ಲಿ ಕಲಸಿದ ಕಾಗದದ ತಿರುಳಿನ ಪಟ್ಟು ಹಾಕಿ. ಉಪ್ಪನ್ನೂ ಅದೇ ಬತ್ತಿಯ ನ್ಯಾಯದಲ್ಲಿ ಎಳೆಯುತ್ತದೆ.

ಎಲ್ಲಿ ನಿಲ್ಲಿಸಬೇಕು? ನನ್ನ ಅಭಿಪ್ರಾಯದಲ್ಲಿ, ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದಾಗ ಕಲೆ ಕಣ್ಣಿಗೆ ಹೊಡೆಯದಿದ್ದರೆ ಸಾಕು. ಹತ್ತಿರ ಹೋದರೆ ಒಂದಿಷ್ಟು ನೆರಳು ಕಾಣುತ್ತದೆ, ಕಾಣಲಿ ಬಿಡಿ. ಆ ಕೊನೆಯ ನೆರಳನ್ನು ತೆಗೆಯಲು ಹೋಗಿ ಇಟ್ಟಿಗೆಯ ಚರ್ಮ ಕಿತ್ತವರೇ ಜಾಸ್ತಿ. ತೀರಾ ಕೆಟ್ಟಿರುವ ನಾಲ್ಕಾರು ಇಟ್ಟಿಗೆಗಳಿಗೆ ಬೇರೆ ಉಪಾಯ ಇದೆ. ಸುಣ್ಣದ ಸಂದು ಮೆತ್ತಗಿರುವುದರಿಂದ ಅನುಭವವಿರುವ ಗಾರೆ ಮೇಸ್ತ್ರಿ ಒಂದೊಂದೇ ಇಟ್ಟಿಗೆಯನ್ನು ಬಿಡಿಸಿ, ತಿರುಗಿಸಿ, ಒಳಮುಖ ಹೊರಗೆ ಬರುವಂತೆ ಕೂರಿಸಬಲ್ಲ. ಎಪ್ಪತ್ತು ವರ್ಷ ಬಿಸಿಲು ಕಾಣದ ಮುಖ ಮೊದಲು ಸ್ವಲ್ಪ ಹೊಸತಾಗಿ ಕಾಣುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಎಣ್ಣೆ ಕುಡಿದ ಗಾರೆಗೂ ಪಟ್ಟು ಹಾಕುತ್ತಾ ಕೂರುವ ಬದಲು ಮುಕ್ಕಾಲು ಇಂಚು ಆಳಕ್ಕೆ ಕೆದಕಿ ಹೊಸ ಸುಣ್ಣದ ಗಾರೆ ತುಂಬಿಸಿ. ಸಿಮೆಂಟ್ ತುಂಬಿಸಬೇಡಿ. ಅದು ಇಟ್ಟಿಗೆಗಿಂತ ಗಟ್ಟಿ. ಸಂದಿನಿಂದ ಹೊರಹೋಗಬೇಕಾದ ತೇವ ಆಮೇಲೆ ಇಟ್ಟಿಗೆಯ ಮೂಲಕವೇ ಹೋಗಿ ಅದನ್ನು ಕೆಡಿಸುತ್ತದೆ.

ಕಲ್ಲಿನ ವಿಷಯ ಬೇಗ ಮುಗಿಯುತ್ತದೆ. ಗ್ರೀಸನ್ನು ಮರದ ಚಕ್ಕೆಯಿಂದ ಕೆರೆಯಿರಿ. ಹೊಸದಾಗಿ ಚೆಲ್ಲಿದ ಆಯಿಲ್ ಇದ್ದರೆ ಒರೆಸಬೇಡಿ, ಮರದ ಹೊಟ್ಟು ಅಥವಾ ಮುಲ್ತಾನಿ ಮಿಟ್ಟಿ ಒತ್ತಿ ಹೀರಿಸಿ. ಸೋಡಾ ಬಿಟ್ಟು ನೇರ ಟರ್ಪೆಂಟೈನ್ ಪಟ್ಟು ಹಾಕಿ, ಎರಡು ಸಲಕ್ಕೆ ಬಹುತೇಕ ಹೋಗುತ್ತದೆ. ಆಮೇಲೆ ಪಾತ್ರೆ ಸೋಪಿನ ಬಿಸಿನೀರು. ಉಳಿ ಹೊಡೆದ ಒರಟು ಮೈಯ ಕಲ್ಲಾದರೆ ಇನ್ನೊಂದು ಸಲ ಜಾಸ್ತಿ. ಒಂದು ಎಚ್ಚರ: ನಿಮ್ಮ ಕಟ್ಟೆಯ ಮೇಲ್ಗಡೆ ಹಾಸಿರುವುದು ಶಹಾಬಾದ್ ಕಲ್ಲಾಗಿದ್ದರೆ ಅದು ಗ್ರಾನೈಟ್ ಅಲ್ಲ, ಸುಣ್ಣದಕಲ್ಲು. ಲಿಂಬೆಹುಳಿ ಹಾಕಿದರೂ ಮೈ ಮಂಕಾಗುತ್ತದೆ. ಇನ್ನು ಅಂಗಡಿ ಮುಂದಿನ ಕಂಬ ಇದ್ದರೆ ಎದೆಮಟ್ಟದಲ್ಲಿ ಒಂದು ಹೊಳೆಯುವ ಪಟ್ಟಿ ಇರುತ್ತದೆ, ನೋಡಿ. ಮಿರ್ಚಿ ತಿಂದವರು ಕೈ ಒರೆಸಿದ್ದು. ಅದಕ್ಕೆ ಸೀಗೆಪುಡಿಯೋ ಪಾತ್ರೆ ಸೋಪೋ ಸಾಕು. ಪಕ್ಕದಲ್ಲಿ ಒಂದು ಪೇಪರ್ ಕಟ್ಟು ನೇತುಹಾಕಿಸಿದರೆ ಇನ್ನೂ ಒಳ್ಳೆಯದು.

ಮುಂದೆ ಕಲೆ ಆಗದಂತೆ ಏನಾದರೂ ಬಳಿಯಬಹುದೇ ಅಂತ ನೀವು ಕೇಳೇ ಕೇಳುತ್ತೀರಿ. ಪೇಂಟ್ ಅಂಗಡಿಯವರು ಹೊಳೆಯುವ ಅಕ್ರಿಲಿಕ್ ಕೋಟಿಂಗ್ ತೋರಿಸುತ್ತಾರೆ. ಹಳೇ ಇಟ್ಟಿಗೆಗೆ ಅದು ಮಳೆಗಾಲದಲ್ಲಿ ರೈನ್‌ಕೋಟ್ ಹಾಕಿಕೊಂಡು ಮಲಗಿದ ಹಾಗೆ. ಒಳಗಿನ ತೇವ ಹೊರಬರಲಾರದೆ ಪದರ ಕಿತ್ತು ಬರುತ್ತದೆ. ಸಿಲೇನ್-ಸಿಲಾಕ್ಸೇನ್ ಅನ್ನುವ ಸಿಲಿಕಾನ್ ಜಾತಿಯ ಲೇಪನ ಇಟ್ಟಿಗೆಗೆ ಉಸಿರಾಡಲು ಬಿಡುತ್ತದೆ, ಆದರೆ ತಡೆಯುವುದು ನೀರನ್ನು, ಎಣ್ಣೆಯನ್ನಲ್ಲ. ಎಣ್ಣೆ ತಡೆಯುವುದು ಫ್ಲೋರಿನ್ ಇರುವ ಜಾತಿ, ಅದಕ್ಕೆ ದುಡ್ಡು ಜಾಸ್ತಿ. ಕೆಳಗಿನ ಕಲ್ಲಿಗೆ ಬೇಕಾದರೆ ಅದನ್ನು ಹಾಕಿಸಿ, ಬೈಕ್‌ಗಳು ಹೇಗೂ ಬರುತ್ತವೆ. ಇಟ್ಟಿಗೆಗೆ ಏನೂ ಬೇಡ, ಆ ದುಡ್ಡನ್ನು ಎಕ್ಸಾಸ್ಟ್ ಕೊಳವೆಗೆ ಹಾಕಿ. ಎಣ್ಣೆ ಒಳಗಿರುವಾಗಲೇ ಮೇಲೆ ಸೀಲರ್ ಬಳಿದರೆ ಅದನ್ನು ಶಾಶ್ವತವಾಗಿ ಬೀಗ ಹಾಕಿಟ್ಟ ಹಾಗೆ. ಆಮೇಲೆ ಯಾವ ಪಟ್ಟೂ ಕೆಲಸ ಮಾಡುವುದಿಲ್ಲ.

ಕೊನೆಗೆ ಉಳಿದದ್ದು ದೀಪದ ಗೂಡು. ಈ ವಿಷಯದಲ್ಲಿ ನಾನು ನಿಮ್ಮ ತಾಯಿಯ ಕಡೆ. ಮನೆ ಕಟ್ಟಿದಾಗಿನಿಂದ ಎಣ್ಣೆ ಕುಡಿದ ಇಟ್ಟಿಗೆ ಅದು. ನಾಲ್ಕು ಸಲ ಪಟ್ಟು ಹಾಕಿದರೂ ಅರ್ಧವೂ ಬರುವುದಿಲ್ಲ. ಬಂದರೂ ಸಂಜೆ ಮತ್ತೆ ಅಲ್ಲೇ ದೀಪ ಹಚ್ಚುತ್ತೀರಿ. ಟರ್ಪೆಂಟೈನ್ ಹಚ್ಚಿದ ಗೂಡಿನಲ್ಲಿ ದೀಪ ಇಡುವುದು ಎಷ್ಟು ಅಪಾಯ ಅಂತ ಹೇಳಬೇಕಿಲ್ಲ. ಮೇಲಿನ ಸಡಿಲ ಮಸಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಹಣತೆಯ ಕೆಳಗೆ ಅಂಚು ಎತ್ತರ ಇರುವ ಒಂದು ಹಿತ್ತಾಳೆ ತಟ್ಟೆ ಇಡಿ, ಸೋರಿದ ಎಣ್ಣೆ ಕೆಳಗಿನ ಗೋಡೆಗೆ ಇಳಿಯುವುದು ನಿಲ್ಲುತ್ತದೆ. ಯಾವ ತಟ್ಟೆ ಅಂತ ಅಮ್ಮನನ್ನೇ ಕೇಳಿ.